ಕುಂಬಳದ ಬಳ್ಳಿಗೆ ಬೂದಿ ರೋಗ ಬಂದರೆ: ಗುರುತಿಸುವುದರಿಂದ ಬಳ್ಳಿ ಉಳಿಸಿಕೊಳ್ಳುವವರೆಗೆ

ಮಳೆಗಾಲ ಮುಗಿದು ರಾತ್ರಿ ತಣ್ಣಗಾಗಲು ಶುರುವಾಯಿತೋ ಇಲ್ಲವೋ, ಸಿಹಿ ಕುಂಬಳ, ಜುಕಿನಿ, ಸೌತೆ ಎಲೆಗಳ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಮೊದಲು ಸಾಸಿವೆ ಕಾಳಿನಷ್ಟು. ಒಂದು ವಾರಕ್ಕೆ ರೂಪಾಯಿ ನಾಣ್ಯದಷ್ಟು. ಇನ್ನೊಂದು ವಾರ ಬಿಟ್ಟರೆ ಇಡೀ ಎಲೆಗೆ ಮೈದಾ ಹಿಟ್ಟು ಚೆಲ್ಲಿದ ಹಾಗಿರುತ್ತದೆ. ಬಹಳಷ್ಟು ಜನ ಔಷಧಿ ಹುಡುಕಲು ಹೊರಡುವುದು ಆಗಲೇ. ಅಷ್ಟೊತ್ತಿಗೆ ಅರ್ಧ ಬಳ್ಳಿ ಕೈಬಿಟ್ಟಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಬಿಳಿಯಾದ ಎಲೆ ಮತ್ತೆ ಮೊದಲಿನಂತೆ ಆಗುವುದಿಲ್ಲ, ಏನು ಹೊಡೆದರೂ ಅಷ್ಟೇ. ನಾವು ಕಾಪಾಡಬೇಕಾದದ್ದು ಇನ್ನೂ ಹಸಿರಾಗಿರುವ ಎಲೆಗಳನ್ನು ಮತ್ತು ಮುಂದೆ ಬರುವ ಎಲೆಗಳನ್ನು. ಕಾಯಿ ಬಲಿಯುವ ತನಕ ಬಳ್ಳಿಗೆ ಸಾಕಷ್ಟು ಎಲೆ ಉಳಿದರೆ ನಾವು ಗೆದ್ದಂತೆ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಮೊದಲ ಹೆಜ್ಜೆ: ಯಾವ ರೋಗ ಅಂತ ಖಚಿತ ಮಾಡಿಕೊಳ್ಳಿ

ಬಳ್ಳಿ ತರಕಾರಿಗಳಿಗೆ ಮುಖ್ಯವಾಗಿ ಎರಡು ಥರದ ಬೂಷ್ಟು ಬರುತ್ತದೆ. ಒಂದು ಬೂದಿ ರೋಗ, ಇನ್ನೊಂದು ಬೂಜು ತುಪ್ಪಟ ರೋಗ. ಎರಡಕ್ಕೂ ಮದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹೊಡೆದರೆ ದುಡ್ಡು ದಂಡ, ವಾರಗಟ್ಟಲೆ ಸಮಯವೂ ದಂಡ. ಹಾಗಾಗಿ ಈ ಹೆಜ್ಜೆಗೆ ಐದು ನಿಮಿಷ ಜಾಸ್ತಿ ಕೊಡಿ.

ಬೂದಿ ರೋಗದಲ್ಲಿ ಬಿಳಿ ಪುಡಿ ಎಲೆಯ ಮೇಲ್ಭಾಗದಲ್ಲೂ ಇರುತ್ತದೆ, ಕೆಳಭಾಗದಲ್ಲೂ ಇರುತ್ತದೆ, ತೊಟ್ಟಿನ ಮೇಲೂ ಬರುತ್ತದೆ. ಬೆರಳಿನಿಂದ ಉಜ್ಜಿದರೆ ಪುಡಿ ಬೆರಳಿಗೆ ಅಂಟುತ್ತದೆ, ಅಡಿಯಲ್ಲಿ ಹಸಿರು ಕಾಣುತ್ತದೆ. ಚುಕ್ಕೆಗಳು ದುಂಡಗಿರುತ್ತವೆ. ಬುಡದ ಹಳೆ ಎಲೆಗಳಿಗೆ, ನೆರಳಿನಲ್ಲಿ ಒತ್ತೊತ್ತಾಗಿರುವ ಎಲೆಗಳಿಗೆ ಮೊದಲು ಬರುತ್ತದೆ.

ಬೂಜು ತುಪ್ಪಟ ಬೇರೆಯೇ ಥರ. ಎಲೆಯ ಮೇಲೆ ಹಳದಿ ಮಚ್ಚೆ ಬರುತ್ತದೆ, ಮಚ್ಚೆ ನರಗಳ ನಡುವೆ ಸಿಕ್ಕಿಕೊಂಡು ಮೂಲೆ ಮೂಲೆಯಾಗಿರುತ್ತದೆ. ಸೌತೆ ಎಲೆಯಲ್ಲಿ ಇದು ಬಹಳ ಸ್ಪಷ್ಟ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಅದೇ ಎಲೆಯನ್ನು ಮಗುಚಿ ನೋಡಿ. ಹಳದಿ ಮಚ್ಚೆಯ ನೇರ ಕೆಳಗೆ ಬೂದು ಅಥವಾ ನೇರಳೆ ಬಣ್ಣದ ನವಿರಾದ ತುಪ್ಪಟ ಕಾಣಿಸಿದರೆ ಅನುಮಾನವೇ ಬೇಡ. ಬಿಸಿಲು ಏರಿದ ಮೇಲೆ ಅದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ಬೆಳಿಗ್ಗೆಯೇ ನೋಡಬೇಕು.

ಇನ್ನು ರೋಗವೇ ಅಲ್ಲದ ಬಿಳಿಗಳೂ ಇವೆ. ಜುಕಿನಿ ಮತ್ತು ಕೆಲವು ಕುಂಬಳದ ತಳಿಗಳಲ್ಲಿ ನರಗಳು ಕೂಡುವ ಜಾಗದಲ್ಲಿ ಬೆಳ್ಳಿ ಬಣ್ಣದ ಗುರುತು ಹುಟ್ಟಿನಿಂದಲೇ ಇರುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಎಲ್ಲ ಎಲೆಯಲ್ಲೂ ಒಂದೇ ವಿನ್ಯಾಸ ಇರುತ್ತದೆ. ಇದನ್ನು ರೋಗ ಅಂದುಕೊಂಡು ಒಳ್ಳೆ ಎಲೆ ಕಿತ್ತು ಹಾಕುವವರು ಇದ್ದಾರೆ. ಬೋರ್‌ವೆಲ್ ನೀರನ್ನು ಎಲೆ ಮೇಲೆ ಹಾಕಿದರೆ ಆರಿದ ಮೇಲೆ ಸುಣ್ಣದ ಕಲೆ ಉಳಿಯುತ್ತದೆ. ಅದೂ ರೋಗವಲ್ಲ. ಬೂದುಗುಂಬಳ ಕಾಯಿಯ ಮೇಲಿನ ಬಿಳಿ ಪುಡಿ ಬಲಿತ ಕಾಯಿಯ ಲಕ್ಷಣ, ಅದನ್ನು ಒರೆಸಬೇಡಿ. ದಾಸವಾಳದ ಕುಡಿಯಲ್ಲಿ ಹತ್ತಿಯಂತೆ ಅಂಟು ಅಂಟಾಗಿ ಇರುವುದು ಹಿಟ್ಟು ತಿಗಣೆ. ಅದು ಕೀಟ, ಅದರ ದಾರಿಯೇ ಬೇರೆ.

ಇದು ಹೇಗೆ ಹರಡುತ್ತದೆ

ಇದು ಗೊತ್ತಿದ್ದರೆ ಅರ್ಧ ಕೆಲಸ ಸಲೀಸು. ಕುಂಬಳದ ಜಾತಿಗೆ ಬೂದಿ ರೋಗ ತರುವ ಮುಖ್ಯ ಶಿಲೀಂಧ್ರ ಪೊಡೊಸ್ಫೇರಾ ಕ್ಸಾಂಥೀ. ಇದರ ಬೀಜಾಣು ಗಾಳಿಯಲ್ಲಿ ತೇಲಿ ಬರುತ್ತದೆ. ಬೇರೆ ಶಿಲೀಂಧ್ರಗಳಿಗೆ ಎಲೆ ಒದ್ದೆಯಾಗಿರಬೇಕು, ಇದಕ್ಕೆ ಬೇಕಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಸಾಕು, ಒಣಗಿದ ಎಲೆ ಮೇಲೂ ಮೊಳೆಯುತ್ತದೆ. ಸುಮಾರು 20ರಿಂದ 27 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. ಬೆಂಗಳೂರು, ಮೈಸೂರು, ಹಾಸನದ ಕಡೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹಗಲು ಒಣ ಬಿಸಿಲು, ರಾತ್ರಿ ತಂಪು. ಅದಕ್ಕೆ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ. 38 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದು ತಾನಾಗಿಯೇ ಕುಗ್ಗುತ್ತದೆ.

ಬೀಜಾಣು ಎಲೆ ಮೇಲೆ ಕೂತು ಮೂರರಿಂದ ಏಳು ದಿನದಲ್ಲಿ ಚುಕ್ಕೆ ಕಾಣಿಸುತ್ತದೆ. ಅಂದರೆ ಇವತ್ತು ನಿಮಗೆ ಎರಡು ಚುಕ್ಕೆ ಕಂಡರೆ, ಕಾಣದೇ ಇರುವವು ಆಗಲೇ ಹತ್ತಾರು ಇವೆ. ಎಳೆ ಎಲೆಗೆ ಇದು ಬೇಗ ತಗಲುವುದಿಲ್ಲ. ಎಲೆ ಬಿಚ್ಚಿ ಎರಡು ಮೂರು ವಾರ ಕಳೆದ ಮೇಲೆ ಸುಲಭವಾಗಿ ತಗಲುತ್ತದೆ. ಹಾಗಾಗಿ ವಾರಕ್ಕೆರಡು ಸಲ ಬುಡದ ಕಡೆಯ ಎಲೆ ಎತ್ತಿ, ಅಡಿಭಾಗ ನೋಡಿ. ಕುಡಿಯನ್ನೇ ನೋಡುತ್ತಾ ಕೂತರೆ ರೋಗ ಕಣ್ಣಿಗೆ ಬೀಳುವುದು ಕೊನೆಗೆ.

ಇನ್ನೊಂದು ಸಮಾಧಾನದ ವಿಷಯ. ಬೂದಿ ರೋಗ ನೋಡಲು ಒಂದೇ ಥರ ಇದ್ದರೂ ಶಿಲೀಂಧ್ರಗಳು ಬೇರೆ ಬೇರೆ. ಗುಲಾಬಿಯ ಬೂದಿ ಕುಂಬಳಕ್ಕೆ ಬರುವುದಿಲ್ಲ, ಮಾವಿನ ಹೂವಿನದು ಸೌತೆಗೆ ಬರುವುದಿಲ್ಲ. ಆದರೆ ಕುಂಬಳದಿಂದ ಸೌತೆಗೆ, ಸೌತೆಯಿಂದ ಸೋರೆಗೆ ಬರುತ್ತದೆ, ಯಾಕೆಂದರೆ ಅವೆಲ್ಲ ಒಂದೇ ಕುಟುಂಬ. ಈ ಶಿಲೀಂಧ್ರ ಜೀವ ಇರುವ ಗಿಡದ ಮೇಲೆ ಮಾತ್ರ ಬೆಳೆಯುತ್ತದೆ. ನಮ್ಮ ಕಡೆ ಹಿಮ ಬೀಳುವ ಚಳಿಗಾಲ ಇಲ್ಲ, ವರ್ಷಪೂರ್ತಿ ಯಾವುದೋ ಒಂದು ಬಳ್ಳಿ ಹಸಿರಾಗಿರುತ್ತದೆ. ಕಾಯಿ ಮುಗಿದ ಹಳೆ ಬಳ್ಳಿಯನ್ನು ಸುಮ್ನೆ ಬೇಲಿ ಮೇಲೆ ಬಿಟ್ಟರೆ, ಹೊಸ ಸಸಿಗೆ ರೋಗ ಬರುವುದು ಅಲ್ಲಿಂದಲೇ.

ಎರಡನೇ ಹೆಜ್ಜೆ: ಕತ್ತರಿ ಹಿಡಿಯಿರಿ

ಚುಕ್ಕೆ ಕಂಡ ದಿನವೇ ಮಾಡುವ ಕೆಲಸ ಇದು. ಅರ್ಧಕ್ಕಿಂತ ಹೆಚ್ಚು ಬಿಳಿಯಾದ ಎಲೆ, ಹಳದಿಯಾಗಿ ನೆಲಕ್ಕೆ ತಾಗಿರುವ ಎಲೆ, ಇವನ್ನು ತೊಟ್ಟಿನ ಸಮೇತ ಕಾಂಡದ ಹತ್ತಿರ ಕತ್ತರಿಸಿ. ಕೈಯಲ್ಲಿ ಎಳೆದು ಕೀಳಬೇಡಿ, ಕಾಂಡದ ಸಿಪ್ಪೆ ಸೀಳುತ್ತದೆ. ಇಬ್ಬನಿ ಆರಿದ ಮೇಲೆ, ಗಾಳಿ ಜೋರಾಗಿ ಇಲ್ಲದಾಗ ಮಾಡಿ. ಕತ್ತರಿಸಿದ ಎಲೆಯನ್ನು ಕೊಡವದೆ ನೇರ ಚೀಲಕ್ಕೆ ಹಾಕಿ.

ಒಂದೇ ಸಲಕ್ಕೆ ಬಳ್ಳಿಯ ಕಾಲುಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬೇಡಿ. ಎಲೆ ಕಮ್ಮಿಯಾದರೆ ಕಾಯಿಗೆ ಸಿಹಿ ತುಂಬುವುದಿಲ್ಲ, ನೇರ ಬಿಸಿಲು ಬಿದ್ದು ಸಿಪ್ಪೆ ಬೆಂದ ಹಾಗಾಗುತ್ತದೆ. ಒಂದೆರಡು ಚುಕ್ಕೆ ಇರುವ ಎಲೆ ಇನ್ನೂ ಅಡುಗೆ ಮಾಡುತ್ತಿದೆ, ಅದನ್ನು ಉಳಿಸಿಕೊಂಡು ಮದ್ದು ಹೊಡೆಯಿರಿ. ಕಾಯಿಯ ಪಕ್ಕದ ಎಲೆಯನ್ನಂತೂ ಕೊನೆಯವರೆಗೂ ಬಿಡಿ.

ತೆಗೆದ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಆದರೆ ಮೇಲೆ ಹರಡದೆ ಒಳಗೆ ಹೂತುಬಿಡಿ, ಮೇಲೆ ಮಣ್ಣು ಅಥವಾ ಸಗಣಿ ಮುಚ್ಚಿ. ಎಲೆ ಸತ್ತರೆ ಅದರ ಮೇಲಿನ ಬೂದಿಯೂ ಸಾಯುತ್ತದೆ.

ಮೂರನೇ ಹೆಜ್ಜೆ: ಹಾಲಿನ ಸಿಂಪಡಣೆ

ಮನೆಮದ್ದುಗಳಲ್ಲಿ ನಾನು ಮೊದಲು ಹೇಳುವುದು ಹಾಲು. ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟಿಯೋಲ್ 1999ರಲ್ಲಿ ಹಸಿರುಮನೆಯ ಜುಕಿನಿ ಗಿಡಗಳ ಮೇಲೆ ಹಸುವಿನ ಹಾಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 10% ಅಥವಾ ಅದಕ್ಕಿಂತ ಗಟ್ಟಿ ಹಾಲು ನೀರನ್ನು ಪ್ರತಿ ವಾರ ಹೊಡೆದಾಗ, ಅವರು ಹೋಲಿಸಿ ನೋಡಿದ ರಾಸಾಯನಿಕ ಶಿಲೀಂಧ್ರನಾಶಕಗಳಿಗೆ ಕಮ್ಮಿಯಿಲ್ಲದಂತೆ ಅದು ಬೂದಿ ರೋಗವನ್ನು ಹಿಡಿದಿಟ್ಟಿತು.

ಮಾಡುವ ವಿಧಾನ ಸುಲಭ. 100 ಮಿ.ಲೀ. ಹಾಲಿಗೆ 900 ಮಿ.ಲೀ. ನೀರು. ನಂದಿನಿ ನೀಲಿ ಪ್ಯಾಕೆಟ್ ಹಾಲು ಸಾಕು, ಕೆನೆ ಕಮ್ಮಿ ಇದ್ದಷ್ಟೂ ವಾಸನೆ ಕಮ್ಮಿ. ರೋಗ ಆಗಲೇ ಹತ್ತಿದ್ದರೆ 200 ಮಿ.ಲೀ. ಹಾಲು, 800 ಮಿ.ಲೀ. ನೀರು ಮಾಡಿಕೊಳ್ಳಿ. ಅದಕ್ಕಿಂತ ಗಟ್ಟಿ ಬೇಡ. ಎಲೆ ಮೇಲೆ ಹಾಲೇ ಕೊಳೆತು ಬೇರೆ ಬೂಷ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಬೆರೆಸಿದ್ದನ್ನು ಅವತ್ತೇ ಮುಗಿಸಿ, ಉಳಿದರೆ ಗಿಡದ ಬುಡಕ್ಕೆ ಸುರಿಯಿರಿ.

ಕುಂಬಳದ ಎಲೆಯನ್ನು ಹತ್ತಿರದಿಂದ ನೋಡಿ, ಮೈತುಂಬಾ ಸಣ್ಣ ರೋಮ. ಬರೀ ನೀರು ಹೊಡೆದರೆ ಅದು ರೋಮದ ತುದಿಯಲ್ಲೇ ಮಣಿಮಣಿಯಾಗಿ ನಿಂತು ಉರುಳಿ ಬೀಳುತ್ತದೆ, ಎಲೆಗೆ ತಾಗುವುದೇ ಇಲ್ಲ. ಸಣ್ಣ ಹನಿ ಬರುವ ಹಾಗೆ ಸ್ಪ್ರೇಯರ್‌ನ ಮೂತಿ ತಿರುಗಿಸಿಕೊಳ್ಳಿ. ಮೊದಲು ಎಲೆಯ ಅಡಿಗೆ ಹೊಡೆಯಿರಿ, ಆಮೇಲೆ ಮೇಲೆ. ಹನಿ ಒಂದಕ್ಕೊಂದು ಸೇರಿ ತೆಳು ಪದರವಾಗಬೇಕು, ಆದರೆ ಜಿನುಗಬಾರದು.

ಹಾಲು ಬಿಸಿಲಿನಲ್ಲಿ ಕೆಲಸ ಮಾಡುತ್ತದೆ, ಹಾಗಾಗಿ ಬಿಸಿಲು ಇರುವ ಹೊತ್ತು ಒಳ್ಳೆಯದು. ವಾರಕ್ಕೊಮ್ಮೆ ತಪ್ಪಿಸಬೇಡಿ, ಮಳೆ ಬಂದು ತೊಳೆದು ಹೋದರೆ ಮತ್ತೆ ಹೊಡೆಯಿರಿ. ಒಂದು ವಾರ ಹೊಡೆದು ಮೂರು ವಾರ ಮರೆತು, ಆಮೇಲೆ ಹಾಲಿನಿಂದ ಏನೂ ಆಗಲಿಲ್ಲ ಅಂದರೆ ಅದು ಹಾಲಿನ ತಪ್ಪಲ್ಲ, ಅಲ್ವಾ? ನಮ್ಮ ರೈತರು ಹುಳಿ ಮಜ್ಜಿಗೆಯನ್ನು ಸೋಸಿ, ಒಂದು ಲೀಟರಿಗೆ ಹತ್ತು ಲೀಟರ್ ನೀರು ಬೆರೆಸಿ ಹೊಡೆಯುವುದೂ ಇದೆ. ಸೋಸದಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ.

ಹಾಲಿಗೆ ಬಗ್ಗದಿದ್ದರೆ: ಅಡುಗೆ ಸೋಡಾ, ಬೇವಿನೆಣ್ಣೆ, ಗಂಧಕ

ಅಡುಗೆ ಸೋಡಾ 5 ಗ್ರಾಂ, ಅಂದರೆ ತಲೆ ತಟ್ಟಿದ ಒಂದು ಚಹಾ ಚಮಚ. ನೀರು ಒಂದು ಲೀಟರ್. ಅಂಟಿಕೊಳ್ಳಲು ಮೂರು ನಾಲ್ಕು ತೊಟ್ಟು ದ್ರವ ಸೋಪು. ಬಟ್ಟೆ ಒಗೆಯುವ ಸೋಡಾ ಬೇಡವೇ ಬೇಡ, ಎಲೆ ಸುಟ್ಟೇ ಹೋಗುತ್ತದೆ. ಬೇಕಿಂಗ್ ಪೌಡರ್ ಕೂಡ ಬೇರೆ ವಸ್ತು. ಒಂದು ಎಲೆಗೆ ಹೊಡೆದು ಎರಡು ದಿನ ಕಾಯಿರಿ, ಅಂಚು ಕಂದಾಗದಿದ್ದರೆ ಉಳಿದವಕ್ಕೆ ಹೊಡೆಯಿರಿ. ಸೋಡಾದಲ್ಲಿ ಸೋಡಿಯಂ ಇದೆ, ಅದು ಮಣ್ಣಿನಲ್ಲಿ ಉಳಿಯುತ್ತದೆ. ತಾರಸಿಯ ಕುಂಡ, ಗ್ರೋ ಬ್ಯಾಗ್‌ಗಳಲ್ಲಿ ಮಣ್ಣು ಕಮ್ಮಿ ಇರುವುದರಿಂದ ಬೇಗ ಕೆಡುತ್ತದೆ. ಒಂದು ಬೆಳೆಗೆ ಮೂರು ನಾಲ್ಕು ಸಲ ಸಾಕು.

ಬೇವಿನೆಣ್ಣೆ ಒಂದು ಲೀಟರಿಗೆ 3ರಿಂದ 5 ಮಿ.ಲೀ. ಎಣ್ಣೆಯನ್ನು ಮೊದಲು ಸೋಪು ನೀರಲ್ಲಿ ಅಥವಾ ಅಂಟುವಾಳದ ನೊರೆಯಲ್ಲಿ ಬಿಳಿಯಾಗುವವರೆಗೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ. ಸಂಜೆ ಹೊಡೆಯಿರಿ. ಮೊದಲ ಚುಕ್ಕೆಗಳ ಹಂತದಲ್ಲಿ ಇದು ಉಪಯೋಗಕ್ಕೆ ಬರುತ್ತದೆ, ಎಲೆ ಬಿಳಿಯಾದ ಮೇಲೆ ಅಷ್ಟಕ್ಕಷ್ಟೆ.

ಇವೆಲ್ಲಕ್ಕಿಂತ ಬಲವಾದದ್ದು ನೀರಿನಲ್ಲಿ ಕರಗುವ ಗಂಧಕ. 80% ಇರುವ ಪುಡಿ ಕೃಷಿ ಅಂಗಡಿಯಲ್ಲಿ ಸಿಗುತ್ತದೆ. ಲೀಟರಿಗೆ 2 ಗ್ರಾಂ. ಇಂಗ್ಲೆಂಡಿನಲ್ಲಿ 1840ರ ದಶಕದಲ್ಲಿ ದ್ರಾಕ್ಷಿಗೆ ಬೂದಿ ರೋಗ ಬಂದಾಗಲೇ ತೋಟಗಾರರು ಗಂಧಕಕ್ಕೆ ಮೊರೆ ಹೋಗಿದ್ದರು. ಇವತ್ತಿಗೂ ಅದು ಕೆಲಸ ಮಾಡುತ್ತಿದೆ. ಆದರೆ ಬಳ್ಳಿ ತರಕಾರಿಗಳಿಗೆ ಗಂಧಕ ಸ್ವಲ್ಪ ಖಾರ. ಸೌತೆ, ಕರಬೂಜ ಬೇಗ ಸುಡುತ್ತವೆ. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆಯಬೇಡಿ. ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಗಂಧಕ ಹೊಡೆದ ಎರಡು ವಾರದೊಳಗೆ ಎಣ್ಣೆಯೂ ಬೇಡ. ಎರಡೂ ಸೇರಿದರೆ ಎಲೆ ಸುಡುತ್ತದೆ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಮನೆಯಲ್ಲಿ ಕುಂಬಳದ ಕುಡಿ ಪಲ್ಯ ಮಾಡುವ ರೂಢಿ ಇದ್ದರೆ ಗಂಧಕ ಬಿದ್ದ ಬಳ್ಳಿಯ ಕುಡಿ ಕೀಳಬೇಡಿ.

ಅಂಗಡಿಯವರು ಇದಕ್ಕಿಂತ ದೊಡ್ಡ ಔಷಧಿ ಕೊಡಲು ಬರುತ್ತಾರೆ. ಎಕರೆಗಟ್ಟಲೆ ಬೆಳೆಯುವವರಿಗೆ ಅದರ ಅಗತ್ಯ ಬೀಳಬಹುದು. ಜುಕಿನಿ, ಸೌತೆಯನ್ನು ನಾವು ಎರಡು ದಿನಕ್ಕೊಮ್ಮೆ ಕಿತ್ತು ತಿನ್ನುತ್ತೇವೆ. ಔಷಧಿ ಹೊಡೆದ ಮೇಲೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಾಯದೆ ಕೊಯ್ಯುವ ಹಾಗಿಲ್ಲ. ಎಲೆಯೊಳಗೆ ಇಳಿಯುವ ಔಷಧಿಯನ್ನೇ ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ ಬೇರೆ. ಮನೆ ಹಿತ್ತಲಿಗೆ ಅದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜೇನು ಮತ್ತು ಹಳದಿ ಹುಳು

ಯಾವುದೇ ಸಿಂಪಡಣೆ ಇರಲಿ, ಹೂ ಬಿಚ್ಚಿರುವಾಗ ಹೂವಿಗೆ ಬೀಳಬಾರದು. ಕುಂಬಳ, ಜುಕಿನಿ ಹೂ ಬೆಳಗಿನ ಜಾವ ಬಿಚ್ಚಿ ಬಿಸಿಲೇರಿದ ಮೇಲೆ ಮುಚ್ಚುತ್ತವೆ. ಹಾಲನ್ನು ಹೂ ಮುಚ್ಚಿದ ಮೇಲೆ ಹೊಡೆಯಿರಿ, ಗಂಧಕವನ್ನು ತಂಪು ಸಂಜೆಗೆ ಇಟ್ಟುಕೊಳ್ಳಿ. ಹೀರೆ, ಸೋರೆ ಹೂ ಬಿಚ್ಚುವುದೇ ಸಂಜೆ. ಅವಕ್ಕೆ ಬೆಳಿಗ್ಗೆಯೇ ಸರಿ. ಹೂವಿಗೆ ಜೇನು ಬರದಿದ್ದರೆ ಎಲೆ ಎಷ್ಟು ಹಸಿರಾಗಿದ್ದರೂ ಕಾಯಿ ಕಚ್ಚುವುದಿಲ್ಲ.

ಬೂದಿ ಹಿಡಿದ ಎಲೆ ಮೇಲೆ ಒಮ್ಮೊಮ್ಮೆ ನಿಂಬೆ ಹಳದಿ ಬಣ್ಣದ ಪುಟ್ಟ ಗುಲಗಂಜಿ ಹುಳು ಓಡಾಡುತ್ತಿರುತ್ತದೆ. ಬೆನ್ನಿನ ಮೇಲೆ ಒಂದೂ ಚುಕ್ಕೆ ಇಲ್ಲ, ಕುತ್ತಿಗೆಯ ಬಿಳಿ ಜಾಗದಲ್ಲಿ ಎರಡೇ ಕಪ್ಪು ಚುಕ್ಕೆ. ಅದು ತಿನ್ನುವುದೇ ಈ ಬೂದಿಯನ್ನು. ಅದರ ಮರಿಯೂ ಅದನ್ನೇ ತಿನ್ನುತ್ತದೆ: ತಿಳಿ ಹಳದಿ ಮೈ, ಸಾಲು ಸಾಲು ಕಪ್ಪು ಚುಕ್ಕೆ. ಅದನ್ನು ಸಾಯಿಸಬೇಡಿ. ಎಲೆಯ ಹಸಿರನ್ನು ಕೆರೆದು ಜಾಲರಿಯಂತೆ ಮಾಡುವುದು ಬೇರೆ ಹುಳು. ಅದು ಮಂಕು ಕಿತ್ತಳೆ ಬಣ್ಣ, ಬೆನ್ನಿನ ತುಂಬಾ ಕಪ್ಪು ಚುಕ್ಕೆ, ಮರಿಗೆ ಮೈತುಂಬಾ ಮುಳ್ಳು. ಅದನ್ನು ಕೈಯಿಂದ ಆರಿಸಿ ಸೋಪು ನೀರಿಗೆ ಹಾಕಿ.

ಬೂಜು ತುಪ್ಪಟಕ್ಕೆ ಬೇರೆ ದಾರಿ

ಬೂಜು ತುಪ್ಪಟಕ್ಕೆ ಹಾಲು, ಸೋಡಾ, ಗಂಧಕ ಯಾವುದನ್ನೂ ನಂಬಿಕೊಳ್ಳಬೇಡಿ. ಇದರ ಜೀವಿ ಅಡಿಕೆಯ ಕೊಳೆರೋಗದ ಜೀವಿಗೆ ದೂರದ ಸಂಬಂಧಿ. ಇದಕ್ಕೆ ಒದ್ದೆ ಎಲೆ ಬೇಕೇ ಬೇಕು. ಜಡಿಮಳೆ, ಮೋಡ, ಇಬ್ಬನಿ ಒಂದಾದ ವಾರಗಳಲ್ಲಿ ಬರುತ್ತದೆ. ಹಾಗಾಗಿ ಎಲೆ ಬೇಗ ಆರುವಂತೆ ನೋಡಿಕೊಳ್ಳುವುದೇ ಮೊದಲ ಮದ್ದು. ಬಳ್ಳಿಯನ್ನು ನೆಲದಿಂದ ಎತ್ತಿ ಚಪ್ಪರಕ್ಕೆ ಹಬ್ಬಿಸಿ, ನೀರನ್ನು ಬುಡಕ್ಕೇ ಕೊಡಿ, ಮಚ್ಚೆ ಬಿದ್ದ ಕೆಳಗಿನ ಎಲೆಗಳನ್ನು ತೆಗೆಯಿರಿ.

ಔಷಧಿ ಬೇಕಾದರೆ ತಾಮ್ರದ್ದು. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ಬೂಜು ತುಪ್ಪಟಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮದ್ದೆಂದು ತೋರಿಸಿಕೊಟ್ಟ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅದನ್ನೇ ಅಡಿಕೆ ಕೊಳೆರೋಗಕ್ಕೆ ಮದ್ದಾಗಿ ಮಲೆನಾಡಿಗೆ ತಂದರು. ಮಲೆನಾಡಿನ ಮನೆಗಳಲ್ಲಿ ಬೋರ್ಡೋ ಕಲಸುವುದು ಎಲ್ಲರಿಗೂ ಗೊತ್ತು. ಆದರೆ ಅಡಿಕೆಗೆ ಹೊಡೆಯುವ 1% ದ್ರಾವಣವನ್ನು ಸೌತೆ, ಕುಂಬಳದ ಎಲೆಗೆ ಹಾಗೇ ಹೊಡೆಯಬೇಡಿ, ಸುಡಬಹುದು. ಅರ್ಧದಷ್ಟು ತೆಳು ಮಾಡಿ ಒಂದು ಎಲೆಯಲ್ಲಿ ಪರೀಕ್ಷೆ ಮಾಡಿ. ಪೇಟೆಯವರಿಗೆ ಕಾಪರ್ ಆಕ್ಸಿಕ್ಲೋರೈಡ್ ಸುಲಭ, ಲೀಟರಿಗೆ 2.5ರಿಂದ 3 ಗ್ರಾಂ. ತಾಮ್ರ ಬರುವ ರೋಗವನ್ನು ತಡೆಯುತ್ತದೆ, ಬಂದದ್ದನ್ನು ವಾಸಿ ಮಾಡುವುದಿಲ್ಲ. ಮಳೆ ಹಿಡಿಯುವ ಮುಂಚೆ ಹೊಡೆದರಷ್ಟೇ ಪ್ರಯೋಜನ.

ನೀರು, ಜಾಗ, ಗೊಬ್ಬರ

ಜುಕಿನಿಗೆ ಗಿಡದಿಂದ ಗಿಡಕ್ಕೆ ಮೂರಡಿ ಬಿಡಿ. ಸಿಹಿ ಕುಂಬಳಕ್ಕೆ ಆರಡಿಯಾದರೂ ಬೇಕು. ಶೇಡ್ ನೆಟ್ ಅಡಿಯಲ್ಲಿ ಕುಂಬಳ ಬೇಡ, ನೆರಳು ಬೂದಿ ರೋಗಕ್ಕೆ ಬಹಳ ಇಷ್ಟ. ಯೂರಿಯಾ ಜಾಸ್ತಿ ಹಾಕಿದರೆ ಎಲೆ ದೊಡ್ಡದಾಗಿ ಮೆತ್ತಗಾಗುತ್ತದೆ, ರೋಗಕ್ಕೆ ಸುಲಭದ ತುತ್ತು. ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ ಸಾಕು.

ಎಲೆಗೆ ನೀರು ಹಾಕಬೇಕೋ ಬೇಡವೋ ಅನ್ನುವ ಪ್ರಶ್ನೆ ಯಾವಾಗಲೂ ಬರುತ್ತದೆ. ಉತ್ತರ ಕಾಲದ ಮೇಲಿದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ ಬೆಳಿಗ್ಗೆ ಪೈಪ್ ಹಿಡಿದು ಎಲೆಯ ಅಡಿ ತೊಳೆದರೆ ಬೂದಿಯ ಬೀಜಾಣು ತೊಳೆದು ಹೋಗುತ್ತದೆ, ಎಲೆ ಬೇಗ ಆರುತ್ತದೆ. ಮಳೆ, ಇಬ್ಬನಿಯ ದಿನಗಳಲ್ಲಿ ಹೀಗೆ ಮಾಡಿದರೆ ಬೂಜು ತುಪ್ಪಟವನ್ನು ಕರೆದು ಕೂರಿಸಿದ ಹಾಗೆ. ಸಂಜೆ ಮಾತ್ರ ಯಾವ ಕಾಲಕ್ಕೂ ಎಲೆ ನೆನೆಸಬೇಡಿ.

ಬೇರೆ ಗಿಡಗಳು

ಬೆಂಡೆ, ಗುಲಾಬಿ, ಬಟಾಣಿ, ಕೊತ್ತಂಬರಿಗೆ ಬೂದಿ ರೋಗ ಬಂದರೂ ಮೇಲೆ ಕುಂಬಳದ ಬೂದಿಗೆ ಹೇಳಿದ್ದೇ ಕ್ರಮ. ಗುಲಾಬಿಯಲ್ಲಿ ಎಳೆ ಎಲೆಯೇ ಮುದುಡಿ ಬಿಳಿಯಾಗುತ್ತದೆ, ಹಾಗಾಗಿ ಅಲ್ಲಿ ಕುಡಿಯನ್ನು ನೋಡಬೇಕು. ಮೆಣಸಿನ ಗಿಡ, ದಪ್ಪ ಮೆಣಸಿನಕಾಯಿಯಲ್ಲಿ ಶಿಲೀಂಧ್ರ ಎಲೆಯೊಳಗೇ ಬೆಳೆಯುತ್ತದೆ. ಬಿಳಿ ಪುಡಿ ಅಡಿಯಲ್ಲಿರುತ್ತದೆ, ಮೇಲೆ ಹಳದಿ ಮಚ್ಚೆ ಮಾತ್ರ, ಆಮೇಲೆ ಎಲೆ ಉದುರುತ್ತದೆ. ಅಲ್ಲಿ ಹಾಲಿಗೆ ಕಾಯದೆ ಬೇಗ ಗಂಧಕಕ್ಕೆ ಹೋಗಿ. ಮಾವಿನ ಹೂಗೊಂಚಲಿಗೆ ಬೂದಿ ಬಂದರೆ ಹೂವೂ ಮಿಡಿಯೂ ಉದುರುತ್ತವೆ. ಹೂ ಅರಳುವ ಮೊದಲೇ ಗಂಧಕ ಹೊಡೆಯಬೇಕು.

ಬಳ್ಳಿ ಕೀಳುವುದು ಯಾವಾಗ, ಮುಂದೆ ಏನು ಬಿತ್ತುವುದು

ಕುಂಬಳಕಾಯಿಯ ತೊಟ್ಟು ಒಣಗಿ ಗಟ್ಟಿಯಾಗಿದೆ, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯುವುದಿಲ್ಲ ಅಂದರೆ ಕಾಯಿ ಬಲಿತಿದೆ. ಅಂಥ ಬಳ್ಳಿಗೆ ಬೂದಿ ಬಂದರೆ ಮದ್ದು ಹೊಡೆಯುತ್ತಾ ಕೂರಬೇಡಿ. ಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು, ಬಳ್ಳಿ ಕಿತ್ತು ಹೂಳಿ. ರೋಗ ಬಂದ ಬಳ್ಳಿಯ ಕಾಯಿ ತಿನ್ನಲು ಏನೂ ತೊಂದರೆ ಇಲ್ಲ, ತೊಳೆದು ಅಡುಗೆಗೆ ಬಳಸಿ. ಎಲೆ ಬೇಗ ಹೋದ ಬಳ್ಳಿಯ ಕಾಯಿ ಮಾತ್ರ ಬಹಳ ದಿನ ಇಟ್ಟರೆ ತಡೆಯುವುದಿಲ್ಲ, ಅದನ್ನು ಮೊದಲು ಖರ್ಚು ಮಾಡಿ.

ಜುಕಿನಿಗೆ ನನ್ನ ಸಲಹೆ, ಒಂದೇ ಗಿಡವನ್ನು ತಿಂಗಳುಗಟ್ಟಲೆ ಎಳೆದಾಡುವ ಬದಲು ನಾಲ್ಕೈದು ವಾರಕ್ಕೊಮ್ಮೆ ಎರಡು ಹೊಸ ಬೀಜ ಹಾಕಿ. ಹಳೆ ಗಿಡದಿಂದ ಆದಷ್ಟು ದೂರ, ಗಾಳಿ ಬರುವ ಕಡೆಗೆ. ಬೀಜ ಕೊಳ್ಳುವಾಗ ಬೂದಿ ರೋಗ ತಡೆಯುವ ತಳಿ ಇದೆಯೇ ಎಂದು ಕೇಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಲ್ಲಂಗಡಿ ತಳಿ ಅರ್ಕಾ ಮಾಣಿಕ್ ಬೂದಿ ರೋಗವನ್ನು ತಡೆಯುತ್ತದೆ. ಬಟಾಣಿಯಲ್ಲಿ ಅರ್ಕಾ ಅಜಿತ್ ಬೂದಿ ರೋಗ, ತುಕ್ಕು ರೋಗ ಎರಡನ್ನೂ ತಡೆಯುತ್ತದೆ. ಜುಕಿನಿ ಪ್ಯಾಕೆಟ್ ಮೇಲೆ 'ಪಿ.ಎಂ.' ಅಂತ ಇದ್ದರೆ ಅದು ಬೂದಿ ರೋಗ ತಡೆಯುವ ಗುಣದ ಸೂಚನೆ. ಅಂಥ ತಳಿಗೂ ರೋಗ ಬರಬಹುದು, ಆದರೆ ತಡವಾಗಿ ಬರುತ್ತದೆ, ನಿಧಾನವಾಗಿ ಹರಡುತ್ತದೆ. ಅಷ್ಟರಲ್ಲಿ ನೀವು ಕಾಯಿ ಕೊಯ್ದು ಮುಗಿಸಿರುತ್ತೀರಿ.